ಮಳೆಯ ಸೆರಗಿಗೆ ಬಿದ್ದ ಗಂಟು

ಬಹಳ ಬಹಳ ಹಿಂದೆ, ಮಳೆಯನ್ನು ಹೆಸರು ಹಿಡಿದು ಕರೆದರೆ ಅದು ‘ಓ’ ಅನ್ನುತ್ತಿದ್ದ ಕಾಲದಲ್ಲಿ, ಪಡುವಣ ಗುಡ್ಡದ ಕೆಳಗೆ ಹೊಂಗೆನಾಡು ಅಂತ ಒಂದು ರಾಜ್ಯವಿತ್ತು. ಅದನ್ನು ಕಲ್ಲವ್ವ ಎಂಬ ರಾಣಿ ಆಳುತ್ತಿದ್ದಳು. ರಾಜ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ನಿಂಬೆವ್ವ. ಅವಳನ್ನು ಹೊಳೆಯಾಚೆ ಮೂಡಲ ದಿಕ್ಕಿಗಿದ್ದ ಎರೆನಾಡಿನ ದೊರೆ ಮಾಳಿಂಗನಿಗೆ ಕೊಟ್ಟಿದ್ದರು. ದೊರೆ ಅಂದ ಕೂಡಲೇ ಸಿಂಹಾಸನದ ಮೇಲೆ ಮೀಸೆ ತಿರುವುತ್ತ ಕೂತವನು ಅಂದುಕೊಳ್ಳಬೇಡಿ ಮತ್ತೆ! ಎರೆನಾಡು ಅಂಗೈಯಗಲದ ನಾಡು. ಬಿತ್ತನೆ ಬಂತೆಂದರೆ ಅಲ್ಲಿನ ದೊರೆಯೂ ಕೂರಿಗೆ ಹಿಡಿದು ಎತ್ತಿನ ಹಿಂದೆ ನಡೆಯಬೇಕು.

ಈ ಎರಡೂ ನಾಡಿಗೆ ಮಳೆ ತರುತ್ತಿದ್ದವರು ಅಕ್ಕತಂಗಿಯರು. ಅಕ್ಕ ಮುಂಗಾರವ್ವ ಪಡುವಣ ಕಡಲಿನಿಂದ ಬರುತ್ತಿದ್ದಳು, ತಂಗಿ ಹಿಂಗಾರವ್ವ ಮೂಡಣ ಕಡಲಿನಿಂದ. ಹೊಂಗೆನಾಡು ಉಣ್ಣುತ್ತಿದ್ದುದು ಅಕ್ಕನ ಮಳೆ. ಅಕ್ಕ ಹೊಳೆ ದಾಟುವಷ್ಟರಲ್ಲಿ ಸೊರಗಿ ಹೋಗುತ್ತಿದ್ದಳು. ಹಾಗಾಗಿ ಎರೆನಾಡಿನ ಕರಿನೆಲಕ್ಕೆ ತಂಗಿಯೇ ಗತಿ. ಆದರೆ ಆಕಾಶದಲ್ಲಿ ಗಾಳಿ ನಡೆಯುವ ದಾರಿ ಒಂದೇ ಇತ್ತು. ಅಕ್ಕನ ಗಾಳಿ ಪಡುವಣದಿಂದ ಬೀಸುತ್ತಿರುವ ತನಕ ತಂಗಿ ಎದುರಿಗೆ ಬರುವಂತಿಲ್ಲ. ಅಕ್ಕ ಹೋಗಬೇಕು, ಗಾಳಿ ಮುಖ ತಿರುಗಿಸಬೇಕು, ಆಮೇಲೆ ತಂಗಿ ಬರಬೇಕು. ತಂಗಿಗೋ ಚಳಿ ಅಂದರೆ ಆಗದು. ಎಷ್ಟೇ ತಡವಾಗಿ ಬಂದಿರಲಿ, ಮಾಗಿಯ ಚಳಿ ಬಿತ್ತೆಂದರೆ ಎದ್ದು ಹೊರಟೇಬಿಡುತ್ತಿದ್ದಳು.

ಹೊಂಗೆನಾಡಿನಲ್ಲಿ ಒಂದು ಪದ್ಧತಿಯಿತ್ತು. ಪಂಚಮಿ ಹಬ್ಬಕ್ಕೆ, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಿದ್ದರು. ಮುಂಗಾರವ್ವನನ್ನೂ ಜನ ಮನೆಮಗಳೆಂದೇ ತಿಳಿದಿದ್ದರು. ‘ಮಳೆಮಗಳು ತವರಿನಲ್ಲಿ ಇರುವಾಗ ಹೆತ್ತ ಮಗಳನ್ನು ಕಳಿಸಬಾರದು’ ಅನ್ನುತ್ತಿದ್ದರು. ದಸರೆಯ ಬನ್ನಿ ಕೊಡುವ ಹಬ್ಬ ಮುಗಿದ ಮರುದಿನ ರಾಣಿ ಕೋಟೆ ಹತ್ತಿ ನಿಂತು, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಪ್ಪಸಕ್ಕೆ ಒಂದು ಹಸಿರು ಕಣ ಇಟ್ಟು ಮಳೆಗೆ ಉಡಿ ತುಂಬುತ್ತಿದ್ದಳು. ಮುಂಗಾರವ್ವ ಕಣ್ಣು ಒರೆಸಿಕೊಳ್ಳುತ್ತ ಹೊರಡುತ್ತಿದ್ದಳು. ಹೊಳೆ ಇಳಿಯುತ್ತಿತ್ತು. ಆಮೇಲೆ ಮನೆಮನೆಯಲ್ಲೂ ಮಗಳಿಗೆ ಉಡಿ ತುಂಬಿ, ಬುತ್ತಿ ಕಟ್ಟಿ, ದೋಣಿ ಹತ್ತಿಸುತ್ತಿದ್ದರು.

ಆ ವರ್ಷ ಏನಾಯಿತಪ್ಪ ಅಂದರೆ, ಬನ್ನಿ ಹಬ್ಬ ಹತ್ತಿರ ಬಂದ ಹಾಗೆಲ್ಲ ರಾಣಿ ಕಲ್ಲವ್ವನಿಗೆ ಊಟ ಸೇರದಾಯಿತು. ಮಗಳು ಹೋದ ಮೇಲಿನ ಅರಮನೆ ಅವಳಿಗೆ ಗೊತ್ತಿತ್ತು. ಅಷ್ಟು ದೊಡ್ಡ ಪಡಸಾಲೆ, ಒಂದೇ ಒಂದು ತಾಟು. ಮಾತಾಡಿದರೆ ಗೋಡೆ ಮಾತಾಡಬೇಕು. ‘ಇನ್ನೊಂದು ವರ್ಷ ಹೆಂಗ ತೆಗೀಲೆವ್ವಾ ನಾನು?’ ಅಂತ ಒಬ್ಬಳೇ ಕೂತು ಅತ್ತಳು.

ಆ ಅಳುವಿನ ವಾಸನೆ ಹಿಡಿದು ಬಂದವನು ಕಗ್ಗಂಟ. ಅವನೊಬ್ಬ ಮಾಟಗಾರ. ಗಾಳಿಗೆ, ನೆರಳಿಗೆ, ಹರಿಯುವ ನೀರಿಗೆ ಕೂಡ ಗಂಟು ಹಾಕಬಲ್ಲವನು. ಅನ್ನ, ರೊಟ್ಟಿ ಅವನು ಮುಟ್ಟುತ್ತಿರಲಿಲ್ಲ. ಕಾದು ಕಾದು ಬೇಸತ್ತವರು ಬಿಡುವ ನಿಟ್ಟುಸಿರೇ ಅವನ ಊಟ. ಆ ದಿನ ಊಟವಿಲ್ಲದೆ ಕಡ್ಡಿಯ ಹಾಗೆ ಆಗಿದ್ದ.

“ರಾಣೀ, ಮಳಿ ಹೋಗಲಿಲ್ಲ ಅಂದ್ರ ಮಗಳೂ ಹೋಗೂದಿಲ್ಲ, ಹೌದಲ್ಲೋ? ಮಳಿ ಸೆರಗಿಗೆ ನಾ ಒಂದು ಗಂಟು ಹಾಕತೇನಿ. ನೀ ‘ಹೂಂ’ ಅನ್ನು, ಸಾಕು” ಅಂದ.

“ನಿನಗೇನು ಕೊಡಬೇಕು?” ಅಂದಳು ರಾಣಿ.

“ನನಗೇನೂ ಬ್ಯಾಡ.”

ಏನೂ ಬೇಡ ಅನ್ನುವವರನ್ನು ಕಂಡರೆ ನನಗಂತೂ ಎದೆ ಧಸಕ್ಕೆನ್ನುತ್ತದೆ. ಆದರೆ ಕಲ್ಲವ್ವನಿಗೆ ಆಗ ಕಣ್ಣ ಮುಂದೆ ಇದ್ದದ್ದು ಮಗಳ ಮುಖ ಒಂದೇ. “ಹೂಂ” ಅಂದುಬಿಟ್ಟಳು. ಬನ್ನಿ ಹಬ್ಬ ಬಂತು, ಹೋಯಿತು. ಮರುದಿನ ರಾಣಿ ಕೋಟೆ ಹತ್ತಲಿಲ್ಲ, ಮಳೆಗೆ ಉಡಿ ತುಂಬಲಿಲ್ಲ.

ಮಳೆ ಹೊಯ್ಯುತ್ತಲೇ ಇತ್ತು. ಮೊದಮೊದಲು ಊರಿನ ತಾಯಂದಿರೆಲ್ಲ ಖುಷಿಪಟ್ಟರು. ನಿಂಬೆವ್ವನೂ ಖುಷಿಪಟ್ಟಳು, ಸುಳ್ಳು ಯಾಕೆ ಹೇಳಲಿ? ತವರಿನಲ್ಲಿ ನಾಲ್ಕು ದಿನ ಹೆಚ್ಚಿಗೆ ಸಿಕ್ಕರೆ ಯಾವ ಹೆಣ್ಣಿಗೆ ಕಹಿ? ಆದರೆ ದೀಪಾವಳಿ ಹತ್ತಿರ ಬಂದರೂ ಮಳೆ ಕದಲಲಿಲ್ಲ. ಶೇಂಗಾ ನೆಲದೊಳಗೇ ಮೊಳಕೆ ಒಡೆಯಿತು. ಕೊಯ್ಲಿಗೆ ಬಂದ ಭತ್ತ ನೀರಲ್ಲಿ ಮಲಗಿತು. ಪಂಚಮಿಯ ಜೋಕಾಲಿಯ ಹಗ್ಗಕ್ಕೆ ಬೂಸಲು ಹಿಡಿಯಿತು.

ಒಂದು ಬೆಳಿಗ್ಗೆ ತುಂಬಿದ ಹೊಳೆಯ ಆಚೆ ದಡದಲ್ಲಿ ಒಬ್ಬ ಮನುಷ್ಯ ನಿಂತು ಕೈ ಬೀಸುತ್ತಿದ್ದ. ನಿಂಬೆವ್ವ ಓಡಿದಳು. ನೋಡಿದರೆ ಗಂಡ ಮಾಳಿಂಗ. ದೋಣಿ ಬಿಡುವಂತಿಲ್ಲ, ಈಜುವಂತಿಲ್ಲ. ಎರಡೂ ಕೈ ಬಾಯಿಗಿಟ್ಟು ಕೂಗಿದ.

“ನಿಂಬೀ! ಹಿಂಗಾರವ್ವ ಇನ್ನೂ ಬಂದಿಲ್ಲ! ಎರಿ ಹೊಲ ಬಾಯಿ ಬಿಟ್ಟೇತಿ! ಬೀಜ ಹಂಗೇ ಕುಂತೇತಿ! ಚಳಿ ಬಿದ್ದರ ಮುಗೀತು, ಜೋಳಿಲ್ಲ, ದನಕ್ಕ ಕಣಕಿ ಮೇವಿಲ್ಲ. ಜನ ಊರು ಬಿಡೂ ಮಾತಾಡಾಕತ್ತಾರ!”

ಕೂಗಿ ಕೂಗಿ ಅವನ ದನಿ ಬಿದ್ದುಹೋಯಿತು. ಆಮೇಲೆ ಬರೀ ಅವಳನ್ನು ನೋಡುತ್ತ ನಿಂತ. ನಿಂಬೆವ್ವ ನೀರಿನ ಅಂಚಿನ ತನಕ ಇಳಿದಳು. ತಾನು ಇಲ್ಲಿ ಹೋಳಿಗೆ ತಿನ್ನುತ್ತ ಕೂತಿದ್ದಾಗ ಅಲ್ಲಿ ತನ್ನ ಮನೆಯ ಹೊಲ ಒಣಗುತ್ತಿತ್ತು.

ಅವಳು ತಲೆಯೆತ್ತಿ ಆಕಾಶ ನೋಡಿದಳು. ಮೋಡಗಳೆಲ್ಲ ಪಡುವಣ ಗುಡ್ಡದ ತುದಿಯತ್ತ ಜಗ್ಗಿಕೊಂಡಿದ್ದವು, ಸೀರೆಯ ಸೆರಗು ಮುಳ್ಳುಬೇಲಿಗೆ ಸಿಕ್ಕಿದ ಹಾಗೆ. ‘ಮಳೆ ತಾನಾಗಿ ಇಲ್ಲಿ ಉಳಿದಿಲ್ಲ, ಯಾರೋ ಹಿಡಿದಿದ್ದಾರೆ’ ಅಂತ ಅವಳಿಗೆ ತಿಳಿಯಿತು. ಸೀರೆ ಎತ್ತಿ ಕಟ್ಟಿ ಗುಡ್ಡದ ದಾರಿ ಹಿಡಿದಳು.

ಗುಡ್ಡದ ಬುಡದಲ್ಲಿ ಬಣವೆಯಷ್ಟು ದೊಡ್ಡ ಕಪ್ಪೆಯೊಂದು ದಾರಿಗೆ ಅಡ್ಡ ಕೂತು ವಟಗುಟ್ಟುತ್ತಿತ್ತು. ಅದರ ಸದ್ದಿಗೆ ಕಲ್ಲುಗಳು ಉರುಳುತ್ತಿದ್ದವು.

“ಕಪ್ಪೆರಾಯಾ, ದಾರಿ ಬಿಡೋ” ಅಂದಳು.

“ಮಳಿ ನಿಲ್ಲೂ ತನಕ ಕೂಗೂದು ನನ್ನ ಹಣೇಬರಾ. ಮಳಿ ನಿಲ್ಲವಲ್ಲದು. ಗಂಟಲ ಹರದು ಹೋಗೇತಿ, ನಿದ್ದಿ ಕಂಡು ಯಾವ ಕಾಲ ಆತೋ! ನನ್ನ ಮಲಗಿಸಿದ್ರ ದಾರಿ ಬಿಡ್ತೇನಿ” ಅಂತು ಕಪ್ಪೆ.

ನಿಂಬೆವ್ವ ಅದರ ಪಕ್ಕ ಕೂತು ಜೋಗುಳ ಹಾಡಿದಳು. ಕಪ್ಪೆಯ ಗದ್ದಲದಲ್ಲಿ ಅದೆಲ್ಲಿ ಕೇಳಬೇಕು? ಅವಳು ದನಿ ಏರಿಸಲಿಲ್ಲ, ಇನ್ನೂ ಇಳಿಸಿದಳು. ಮತ್ತೂ ಇಳಿಸಿದಳು. ಹಾಡು ಕೇಳಬೇಕೆಂಬ ಆಸೆಗೆ ಕಪ್ಪೆ ಒಮ್ಮೆ ಬಾಯಿ ಮುಚ್ಚಿತು. ಮುಚ್ಚಿದ್ದೇ ತಡ, ಕಣ್ಣೂ ಮುಚ್ಚಿತು. ಪಾಪ, ಅಲ್ಲೇ ಕೆಸರಲ್ಲಿ ಗೊರಕೆ ಹೊಡೆಯತೊಡಗಿತು.

ಗುಡ್ಡದ ನಡುವಿನಲ್ಲಿ ಆಳೆತ್ತರದ ನವಿಲೊಂದು ಗರಿ ಕೆದರಿ ಕುಣಿಯುತ್ತಿತ್ತು. ಅದರ ಗರಿಗೆ ಕತ್ತಿಯ ಅಲಗು. ಹತ್ತಿರ ಹೋದವರನ್ನು ಸೀಳಿಹಾಕುತ್ತಿತ್ತು. ಆದರೆ ನಿಂಬೆವ್ವ ಮೊದಲು ನೋಡಿದ್ದು ಅದರ ಕಾಲು. ಎರಡೂ ಕಾಲು ರಕ್ತವಾಗಿದ್ದವು.

“ಅಯ್ಯೋ ನಮ್ಮವ್ವಾ! ನೋವಾಗೂದಿಲ್ಲೇನ ನಿನಗ? ನಿಲ್ಲಬಾರದ?” ಅಂದಳು.

“ಮೋಡ ಕಂಡ್ರ ಕುಣೀಬೇಕು. ಕಣ್ಣ ತೆರದ್ರ ಮೋಡ, ಕಣ್ಣ ಮುಚ್ಚೂಣಂದ್ರ ಮಾಟಗಾರ ನನ್ನ ರೆಪ್ಪೀಗೆ ಗಂಟ ಹಾಕ್ಯಾನ. ಮುಚ್ಚಾಕ ಬರೂದಿಲ್ಲ” ಅಂತು ನವಿಲು.

ನಿಂಬೆವ್ವ ಕತ್ತಿಗರಿಗಳ ನಡುವೆ ನಡೆದಳು. ತೋಳು ಗೀರಿತು, ಭುಜ ಗೀರಿತು. ಅವಳು ನಿಲ್ಲಲಿಲ್ಲ. ನವಿಲಿನ ಕೊರಳು ತಬ್ಬಿ, ಸೆರಗನ್ನು ಅದರ ತಲೆಯ ಮೇಲೆ ಹೊದಿಸಿದಳು. ಮೋಡ ಮರೆಯಾಯಿತು. ನವಿಲು ಗರಿ ಮಡಿಚಿ ಅವಳ ತೊಡೆಯ ಮೇಲೆ ತಲೆಯಿಟ್ಟು ಉಸ್ಸೆಂದಿತು. ಅರ್ಧ ಸೆರಗನ್ನು ಹರಿದು ಅದರ ಕಣ್ಣಿಗೆ ಕಟ್ಟಿ, ಇನ್ನೊಂದು ಚೂರನ್ನು ಅದರ ಕಾಲಿಗೆ ಸುತ್ತಿ, ಅವಳು ಮೇಲೆ ಹತ್ತಿದಳು.

ತುದಿಯಲ್ಲಿ ಕೂತಿದ್ದ ಕಗ್ಗಂಟ. ಕಡ್ಡಿಯಂತಿದ್ದವನು ಈಗ ಕಣಜದಂತೆ ಉಬ್ಬಿದ್ದ. ಆಗದೆ ಏನು? ಎರೆನಾಡಿಗೆ ಎರೆನಾಡೇ ಕಾದು ನಿಟ್ಟುಸಿರು ಬಿಡುತ್ತಿತ್ತು, ಅವನು ಕೂತಲ್ಲೇ ನುಂಗುತ್ತಿದ್ದ. ಅವನ ಪಕ್ಕದ ಕಲ್ಲುಗೂಟಕ್ಕೆ ಮುಂಗಾರವ್ವನ ಸೆರಗು ಬಿಗಿದಿತ್ತು. ಮಳೆಮಗಳ ಮುಖ ಬಾಡಿ ಹೋಗಿತ್ತು.

“ಬಾ ತಂಗೀ, ಬಿಚ್ಚು ನೋಡೂಣು. ಬಿಚ್ಚಿದ್ರ ಕರಕೊಂಡು ಹೋಗು” ಅಂತ ನಕ್ಕ.

ನಿಂಬೆವ್ವ ಉಗುರಲ್ಲಿ ಕಿತ್ತಳು, ಹಲ್ಲಲ್ಲಿ ಕಚ್ಚಿ ಎಳೆದಳು. ಎಳೆದಷ್ಟೂ ಗಂಟು ಬಿಗಿಯಿತು. ಬೆರಳು ಸುಲಿದು ಹೋದವು. ಮೂರನೆಯ ಪರೀಕ್ಷೆ ಗೆಲ್ಲಲಿಲ್ಲ ನಮ್ಮ ನಿಂಬೆವ್ವ. ಕತೆಯಲ್ಲಿ ಗೆಲ್ಲಬೇಕಿತ್ತು ಅಂತೀರಿ. ಗೆಲ್ಲಲಿಲ್ಲ, ಏನು ಮಾಡೋಣ?

ಆಗ ಮುಂಗಾರವ್ವ ಮೆಲ್ಲಗೆ ಮಾತಾಡಿದಳು. “ಬಿಡು ಮಗಳ, ಕೈ ಹರಕೋಬ್ಯಾಡ. ಈ ಗಂಟು ಯಾರ ಬಾಯಿಂದ ಬಿತ್ತೋ ಅವರ ಕೈಯಿಂದನ ಬಿಚ್ಚಬೇಕು. ‘ಹೂಂ’ ಅಂದಾಕಿ ನಿಮ್ಮವ್ವ. ನನಗ ಆಕಿ ಮ್ಯಾಲ ಸಿಟ್ಟಿಲ್ಲ. ಪ್ರೀತಿಲೇ ಹಿಡದಾಳ. ಆದ್ರ ನನ್ನ ನೀರು ತೀರೇತಿ, ಇದ್ದದ್ದನ್ನ ಹಿಂಡಿ ಹಿಂಡಿ ಹೊಯ್ಯಾಕತ್ತೇನಿ. ಇದು ಯಾರಿಗೂ ಉಪಯೋಗಿಲ್ಲದ ಮಳಿ. ಅಲ್ಲಿ ನನ್ನ ತಂಗಿ ತುಂಬಿದ ಕೊಡ ಹೊತ್ತು ಕಡಲ ದಂಡಿಗೆ ನಿಂತಾಳ. ನಾ ದಾರಿ ಬಿಡೂ ತನಕ ಕೊಡ ಇಳಸಾಕ ಬರೂದಿಲ್ಲ ಆಕಿಗೆ. ಚಳಿ ಬಂದ್ರ ಅದನ್ನ ಕಡಲಾಗ ಚೆಲ್ಲಿ ಹೋಗಬೇಕು.”

ನಿಂಬೆವ್ವ ಗಂಟು ಬಿಟ್ಟು ಎದ್ದಳು. ಅವ್ವನಾ? ನಮ್ಮವ್ವನಾ? ಗುಡ್ಡ ಇಳಿಯುವಾಗ ದಾರಿಯುದ್ದಕ್ಕೂ ಸಿಟ್ಟು ಬಂತು. ಅರಮನೆಯ ಬಾಗಿಲಲ್ಲಿ ಅವ್ವ ಒಣ ಸೀರೆ ಹಿಡಿದು ಕಾಯುತ್ತ ನಿಂತದ್ದು ಕಂಡ ಕೂಡಲೇ ಆ ಸಿಟ್ಟೆಲ್ಲ ಅಳುವಾಯಿತು.

“ಎಲ್ಲಿ ಹೋಗಿದ್ದೆವ್ವಾ? ಏನಿದು ರಕ್ತ?” ರಾಣಿ ಗಾಬರಿಯಾಗಿ ಮಗಳ ಕೈ ಹಿಡಿದಳು.

ನಿಂಬೆವ್ವ ಅವ್ವನನ್ನು ಕರೆದುಕೊಂಡು ಹೋಗಿ ಪಡಸಾಲೆಯ ಜೋಕಾಲಿಯ ಮೇಲೆ ಕೂತಳು.

“ತೂಗು ಯವ್ವಾ.”

ರಾಣಿ ತೂಗಿದಳು. ಹಗ್ಗ ಕಿರಕಿರ ಅಂದಿತು.

“ಯಾಕ ಸುಮ್ಮನ ಕುಂತಿ? ಜೋಕಾಲಿ ಮ್ಯಾಲ ಕುಂತರ ನಿನ್ನ ಬಾಯಿ ನಿಲ್ಲತಿರಲಿಲ್ಲ. ಒಂದು ಹಾಡು ಹಾಡು” ಅಂದಳು ರಾಣಿ.

“ಹಾಡು ತೀರ್ಯಾವ ಯವ್ವಾ.”

“ತೀರೂದಂದ್ರ?”

“ಪ್ರತಿ ವರ್ಷ ಅಲ್ಲಿಂದ ಕಲತು ತರತಿದ್ದೆ. ಬಿತ್ತೂ ಹಾಡು, ರಾಶಿ ಹಾಡು. ನಮ್ಮತ್ತಿ ಬೈದದ್ದು, ನಾ ತಿರುಗಿ ಅಂದದ್ದು, ಆಕಳ ಈದದ್ದು, ಎಲ್ಲಾ ‘ಇದನ್ನ ಅವ್ವಗ ಹೇಳಬೇಕು, ಇದನ್ನ ಅವ್ವಗ ಹೇಳಬೇಕು’ ಅಂತ ಕೂಡಿ ಇಟಗೊಂಡು ಬರತಿದ್ದೆ. ಪಂಚಮಿಗೇ ಹೇಳಾಕ ಸುರು ಮಾಡಿದೆ. ಬನ್ನಿ ಹಬ್ಬಕ್ಕ ಮುಗೀತು. ಈಗ ನಿನಗ ಹೇಳಾಕ ನನ್ನ ಹಂತೇಕ ಏನೂ ಇಲ್ಲ. ನಾ ಇಲ್ಲೇ ಅದೇನಿ ಖರೆ. ಆದ್ರ ಪಂಚಮಿಗೆ ಬರತಿದ್ದಳಲ್ಲ ನಿನ್ನ ಮಗಳು, ಆಕಿ ಇಲ್ಲ ಇಲ್ಲೆ.”

ರಾಣಿಯ ಕೈ ಹಗ್ಗದ ಮೇಲೆ ನಿಂತಿತು. ಅವಳಿಗೆ ನೆನಪಾಯಿತು. ಈಚೆಗೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು, ಎದ್ದು ಹೋಗುತ್ತಿದ್ದರು. ‘ಇನ್ನೊಂದು ರೊಟ್ಟಿ ಹಾಕಲಾ’ ಅನ್ನುವುದು ಬಿಟ್ಟರೆ ಮಾತೇ ಇರುತ್ತಿರಲಿಲ್ಲ. ಮಗಳು ಹೋದ ಮೇಲಿನ ಅರಮನೆಗೆ ಹೆದರಿದ್ದಳು. ಮಗಳು ಇದ್ದಾಗಲೇ ಅರಮನೆ ಹಾಗಾಗಿತ್ತು.

“ತಪ್ಪು ಮಾಡಿದೆನೆವ್ವಾ” ಅಂತ ರಾಣಿ ಬಿಕ್ಕಿದಳು. “ನೀ ಹ್ವಾದ ಮ್ಯಾಲೆ ಈ ಮನಿ ನನ್ನ ತಿನ್ನಾಕ ಬರತೈತಿ. ಅಂಜಿಕಿ ಆಕ್ಕೈತಿ ನನಗ.”

“ಹೇಳಬೇಕಿಲ್ಲೋ ಮತ್ತ? ನೀನೂ ಬಾ ನನ್ನ ಕೂಡ.”

“ಹುಚ್ಚೀ! ತಾಯಾದಾಕಿ ಮಗಳ ಮನ್ಯಾಗ ಹೋಗಿ ಕೂಡೂದು ಎಲ್ಲೆರೆ ಐತೇನು?”

“ಇಲ್ಲಾಂದ್ರ ಇನ್ನ ಮ್ಯಾಲೆ ಇರತೈತಿ, ನಡಿ” ಅಂದಳು ನಿಂಬೆವ್ವ. ಮೊಂಡುತನದಲ್ಲಿ ಅವ್ವನಿಗೆ ತಕ್ಕ ಮಗಳು.

ಗಂಟನ್ನು ಅವ್ವನೇ ಬಿಚ್ಚಬೇಕು ಅಂತ ಮುಂಗಾರವ್ವ ಅಂದದ್ದನ್ನು ಹೇಳಿದಳು. ತಾಯಿ ಮಗಳು ಗುಡ್ಡ ಹತ್ತಿದರು. ಕಪ್ಪೆ ನಿದ್ದೆಯಲ್ಲಿತ್ತು, ನವಿಲೂ ನಿದ್ದೆಯಲ್ಲಿತ್ತು. ತುದಿಯಲ್ಲಿ ಕಗ್ಗಂಟ ರಾಣಿಯನ್ನು ಕಂಡು ಎದ್ದು ನಿಂತ.

“ರಾಣೀ, ಬಿಚ್ಚಿದ್ರ ಇವತ್ತ ಮಗಳು ಹೋಗತಾಳ ನೋಡು. ವಿಚಾರ ಮಾಡು. ಇನ್ನೊಂದು ನಾಲ್ಕ ದಿನ ಇರಲಿ ತಗಿ” ಅಂತ ಜೇನಿನಂಥ ದನಿಯಲ್ಲಿ ಅಂದ.

ರಾಣಿ ಮಗಳತ್ತ ತಿರುಗಿ ನೋಡಿದಳು. ನಿಂಬೆವ್ವ ದೂರ ಸರಿದು ನಿಂತಳು. ಇದು ಅವ್ವನ ಕೆಲಸ. ರಾಣಿ ಗಂಟಿಗೆ ಕೈ ಹಾಕಲಿಲ್ಲ. ಮುಂಗಾರವ್ವನ ಎದುರು ಮಂಡಿಯೂರಿ, ಜೊತೆಗೆ ತಂದಿದ್ದ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಹಸಿರು ಕಣವನ್ನು ಒಂದೊಂದಾಗಿ ಅವಳ ಉಡಿಗೆ ಹಾಕಿದಳು. ಕೆನ್ನೆಗೆ ಅರಿಷಿಣ ಹಚ್ಚಿದಳು, ಹಣೆಗೆ ಕುಂಕುಮ ಇಟ್ಟಳು.

“ತಡಾ ಮಾಡಿದೆ ನನ್ನವ್ವಾ. ಹೊಟ್ಟ್ಯಾಗ ಹಾಕೋ. ಹೋಗಿ ಬಾ” ಅಂದಳು.

ಆಮೇಲೆ ಗಂಟು ಮುಟ್ಟಿದಳು. ಮಗುವಿನ ಜಡೆ ಬಿಚ್ಚುವಂತೆ ಅದು ಬಿಚ್ಚಿಕೊಂಡಿತು.

ಮುಂಗಾರವ್ವ ಸೆರಗು ಹೊದ್ದುಕೊಂಡು, ತಿರುತಿರುಗಿ ನೋಡುತ್ತ ಪಡುವಣ ಕಡಲಿಗೆ ನಡೆದಳು. ಅವಳ ಹಿಂದೆ ಮೋಡ, ಮೋಡದ ಹಿಂದೆ ಗಾಳಿ. ಕಗ್ಗಂಟನ ಹೊಟ್ಟೆ ಪುಸ್ಸೆಂದು ಇಳಿಯತೊಡಗಿತು. ಕಣಜದಷ್ಟಿದ್ದವನು ಕೊಡದಷ್ಟಾದ, ಕೊಡದಷ್ಟಿದ್ದವನು ಚೆಂಬಿನಷ್ಟಾದ. ಕೊನೆಗೆ ಮೊಣಕಾಲೆತ್ತರದ ಒಬ್ಬ ಕುಳ್ಳ ಉಳಿದ. ಮಾಟವೂ ಹೋಯಿತು, ಮಂತ್ರವೂ ಹೋಯಿತು. ಅವನನ್ನು ಕೊಂದರೇನು ಬಂತು? ರಾಣಿ ಅವನನ್ನು ಕರೆದೊಯ್ದು ಹೂಮಾಲೆ ಕಟ್ಟುವ ಕೆಲಸಕ್ಕೆ ಹಚ್ಚಿದಳು. ಗಂಟು ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಈಗ ರೊಟ್ಟಿಯನ್ನೂ ತಿನ್ನುತ್ತಿದ್ದ.

ಗಾಳಿ ಪೂರ್ತಿ ನಿಂತಿತು. ಗಿಡದ ಎಲೆ ಅಲ್ಲಾಡಲಿಲ್ಲ. ಆಕಾಶ ತೊಳೆದಿಟ್ಟ ಅಗಲ ತಾಟಿನಂತೆ ಬೆಳ್ಳಗೆ ಹೊಳೆಯಿತು. ಹೊಳೆ ಇಳಿಯಿತು, ದೋಣಿಗಳು ನೀರಿಗಿಳಿದವು. ಊರಿನ ಹೆಣ್ಣುಮಕ್ಕಳೆಲ್ಲ ಉಡಿ ತುಂಬಿಸಿಕೊಂಡು ಹೊರಟರು. ನಿಂಬೆವ್ವನ ದೋಣಿಯಲ್ಲಿ ರಾಣಿ ಕಲ್ಲವ್ವನೂ ಕೂತಳು. ಜನ ಬಾಯಮೇಲೆ ಬೆರಳಿಟ್ಟುಕೊಂಡರು. ಇಟ್ಟುಕೊಳ್ಳಲಿ ಬಿಡಿ, ಅವರ ಬೆರಳು, ಅವರ ಬಾಯಿ.

ಆಚೆ ದಡದಲ್ಲಿ ಮಾಳಿಂಗ ಬಂಡಿ ಹೂಡಿಕೊಂಡು ಕಾದಿದ್ದ. ಅತ್ತೆಯ ಕಾಲಿಗೆ ಬಿದ್ದು ಎದ್ದವನು ಹೆಂಡತಿಯ ಗಾಯದ ಕೈಗಳನ್ನು ಹಿಡಿದುಕೊಂಡು ನಿಂತ, ಬಿಡಲೇ ಇಲ್ಲ. ಅಷ್ಟರಲ್ಲಿ ಮೂಡಲ ಕಡೆಯಿಂದ ತಣ್ಣನೆಯ ಗಾಳಿ ಒಂದೆಳೆ ಬಂತು. ಎತ್ತುಗಳು ಕಿವಿ ನಿಮಿರಿಸಿದವು. ಬಂಡಿ ಊರು ಮುಟ್ಟುವಷ್ಟರಲ್ಲಿ ಹಿಂಗಾರವ್ವ ಕೊಡ ಹೊತ್ತು ಬಂದೇಬಿಟ್ಟಳು.

ಕಲ್ಲವ್ವ ಹುಟ್ಟಿದಾಗಿನಿಂದ ತಂಗಿಮಳೆಯನ್ನು ಕಂಡವಳಲ್ಲ. ಅಕ್ಕನ ಹಾಗೆ ಇವಳದು ಹಗಲಿಡೀ ಸುರಿಯುವ ಮಳೆಯಲ್ಲ. ಸಂಜೆಗೆ ಗುಡುಗಿ, ದಪ್ಪ ಹನಿ ಚೆಲ್ಲಿ, ಬೆಳಿಗ್ಗೆ ಬಿಸಿಲು ಬಿಡುವ ಮಳೆ. ರಾಣಿ ಅಂಗಳದಲ್ಲಿ ನಿಂತು ಮುಖವೆತ್ತಿ ನೆನೆದಳು. ಕರಿಮಣ್ಣಿನ ವಾಸನೆಗೆ ಅವಳ ಕಣ್ಣು ತುಂಬಿತು. “ಇಷ್ಟು ಚೆಂದದಾಕೀನ್ನ ನಾ ಹೊರಗ ನಿಂದರಿಸಿದ್ದೆನಲ್ಲೋ ಅಳಿಯಾ!” ಅಂದಳು.

ಮೂರು ಜನವೂ ಹೊಲಕ್ಕಿಳಿದರು. ಮಾಳಿಂಗ ಕೂರಿಗೆ ಹೊಡೆದ. ರಾಣಿ ಸೆರಗು ಕಟ್ಟಿ ಬೀಜ ಬಿಟ್ಟಳು. ನಿಂಬೆವ್ವ ಬಿತ್ತುವ ಹಾಡು ಎತ್ತಿದಳು.

ತಡವಾದದ್ದು ತಡವಾದದ್ದೇ ಅನ್ನಿ. ಅದನ್ನು ಯಾವ ಮಾಯೆಯೂ ತುಂಬಿಕೊಡಲಿಲ್ಲ. ಚಳಿ ಬಿದ್ದಿತು. ಹಿಂಗಾರವ್ವನ ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಆದರೂ ಎದ್ದು ಹೋದಳು. ಆ ವರ್ಷ ಜೋಳ ಆಳೆತ್ತರ ಬೆಳೆಯಲಿಲ್ಲ, ಎದೆಮಟ್ಟಕ್ಕೆ ನಿಂತಿತು. ತೆನೆ ಸಣ್ಣದಾಯಿತು. ಆದರೆ ಕರಿಮಣ್ಣು ಹನಿ ಹನಿಯನ್ನೂ ಬಚ್ಚಿಟ್ಟುಕೊಂಡಿತ್ತು, ಇಬ್ಬನಿ ಕೈ ಹಿಡಿಯಿತು. ಯಾರೂ ಊರು ಬಿಡಲಿಲ್ಲ. ಯಾರ ಮನೆಯ ಒಲೆಯೂ ಆರಲಿಲ್ಲ.

ರಾಶಿ ಮುಗಿದ ಮೇಲೆ ರಾಣಿ ತನ್ನ ನಾಡಿಗೆ ಹೊರಟಳು. ಬಂಡಿ ಹೂಡಿ ಆಗಿತ್ತು. ನಿಂಬೆವ್ವ ಹೊಸ ಜೋಳ, ಬೆಲ್ಲ, ಒಂದು ಕಣ ತಂದು ಅವ್ವನ ಎದುರು ನಿಂತಳು. ಉಡಿಗೆ ಹಾಕಲು ಕೈ ಮುಂದೆ ಬರಲಿಲ್ಲ.

“ಯವ್ವಾ,” ಅಂದಳು, “ಇವತ್ತ ಯಾಕೋ ಮೋಡ ಮುಚ್ಚಿದಂಗ ಐತಿ. ಇನ್ನೊಂದು ನಾಲ್ಕ ದಿನ ಇದ್ದು ಹೋಗಬಾರದ?”

ರಾಣಿ ಮೇಲೆ ನೋಡಿದಳು. ಆಕಾಶದಲ್ಲಿ ಅರಳೆಯಷ್ಟು ಮೋಡವೂ ಇರಲಿಲ್ಲ. ಮಗಳ ಮುಖ ನೋಡಿದಳು. ನಗು ಬಂತು, ಅಳುವೂ ಬಂತು. ತಾನೇ ಸೆರಗೊಡ್ಡಿ ನಿಂತಳು.

“ಹಾಕವ್ವಾ,” ಅಂದಳು. “ದಾರಿಯಾಗ ಹೊಸಾ ಹೊಸಾದು ಏನೇನು ನೋಡತೇನೋ! ಪಂಚಮಿಗೆ ನೀ ಬಂದಾಗ ಹೇಳಾಕ ನನ್ನ ಹಂತೇಕನೂ ಏನರೆ ಇರಬೇಕಲ್ಲ?”

ನಿಂಬೆವ್ವ ಕಣ್ಣೊರೆಸಿಕೊಂಡು ಅವ್ವನ ಉಡಿ ತುಂಬಿದಳು. ಬಂಡಿ ಹೊರಟಿತು.

ಅಂದಿನಿಂದ ಆ ಎರಡೂ ನಾಡಿನಲ್ಲಿ ಅಕ್ಕ ಹೊತ್ತಿಗೆ ಸರಿಯಾಗಿ ಹೋದಳು, ತಂಗಿ ಹೊತ್ತಿಗೆ ಸರಿಯಾಗಿ ಬಂದಳು. ಮಗಳು ಪಂಚಮಿಗೆ ಬಂದಳು, ತಾಯಿ ಬಿತ್ತನೆಗೆ ಹೋದಳು. ಹೋದವರು ಬಂದರು, ಬಂದವರು ಹೋದರು, ಎಲ್ಲರೂ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಮಾತಾಡಿ, ಚೆನ್ನಾಗಿದ್ದರು.